ಭಾನುವಾರದವರೆಗೆ ಒರೆಸದ ಸ್ಲೇಟು

ಶಿಕಾರಿಪುರದ ಒಂದು ಕಾಲೇಜಿನಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಪ್ರತಿವರ್ಷ ಮೊದಲ ಸೆಮಿಸ್ಟರಿನವರಿಗೆ ಎರಡು ವಾಕ್ಯಗಳನ್ನು ‘ಹೂ’, ‘ವಿಚ್’, ‘ವೇರ್’ ಹಾಕಿ ಒಂದು ಮಾಡುವುದನ್ನು ಹೇಳಿಕೊಡಬೇಕು. ಅದಕ್ಕೆ ನನ್ನದೊಂದು ಸಿದ್ಧ ಉದಾಹರಣೆ ಇತ್ತು. ಕನ್ನಡದಲ್ಲಿ ನಾವು ‘ನಿನ್ನೆ ಶಿರಾಳಕೊಪ್ಪದ ಬಸ್ಸಿನಲ್ಲಿ ಕೊಡೆ ಬಿಟ್ಟುಹೋದ ಹೆಂಗಸು’ ಅನ್ನುತ್ತೇವೆ. ಬಸ್ಸು ಬರುತ್ತದೆ, ಕೊಡೆ ಬರುತ್ತದೆ, ಬಿಟ್ಟುಹೋಗುವುದೂ ಆಗುತ್ತದೆ, ಹೆಂಗಸು ಮಾತ್ರ ಕಟ್ಟಕಡೆಗೆ. ಇಂಗ್ಲಿಷ್ ಬರವಣಿಗೆಯಲ್ಲಿ ಹೆಂಗಸು ಮೊದಲೇ ಬಂದು ನಿಂತುಬಿಡುತ್ತಾಳೆ. ‘ಹೂ’ ಎಂಬ ಕೊಂಡಿ ಹಾಕಿದರೆ ಬಸ್ಸು, ಕೊಡೆ ಎಲ್ಲ ಅವಳ ಹಿಂದೆ ಬರುತ್ತವೆ.

‘ಹಾಗಾದ್ರೆ ಇಂಗ್ಲಿಷ್‌ನವರಿಗೆ ಅವಸರ ಜಾಸ್ತಿ ಅನ್ನಿ ಮೇಡಂ’ ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಒಮ್ಮೆ ಹೇಳಿದ್ದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಪಾಠ ನನಗೆ ಅಷ್ಟೇ ಆಗಿತ್ತು. ವರ್ಷಕ್ಕೊಮ್ಮೆ ಬರುತ್ತಿತ್ತು, ಮೂರು ತರಗತಿಗಳಲ್ಲಿ ಮುಗಿಯುತ್ತಿತ್ತು.

ನನ್ನ ಚಿಕ್ಕಪ್ಪ, ಅಂದರೆ ಅಪ್ಪನ ತಮ್ಮ, ಸೊರಬದಲ್ಲಿ ವಕೀಲರಾಗಿದ್ದವರು. ವಾದ ಮಾಡುತ್ತಿದ್ದದ್ದು ಕನ್ನಡದಲ್ಲೇ. ಆದರೆ ಆ ಕಾಲದ ಅಭ್ಯಾಸದಂತೆ ಅರ್ಜಿ, ನೋಟೀಸುಗಳನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಒಂದು ವಾಕ್ಯ ಶುರುವಾದರೆ ಪುಟ ಮುಗಿದರೂ ಪೂರ್ಣವಿರಾಮ ಇರುತ್ತಿರಲಿಲ್ಲ. ಇಂಥವನು, ಯಾರು ಇಂಥ ಊರಿನ ನಿವಾಸಿಯೋ, ಯಾರು ಇಂಥ ಜಮೀನನ್ನು ಅನುಭವಿಸುತ್ತಿದ್ದಾನೋ, ಯಾವ ಜಮೀನು ಇಂಥ ಹಳ್ಳದ ಪೂರ್ವಕ್ಕಿದೆಯೋ ಎಂದು ಅದು ಹರಿಯುತ್ತಲೇ ಇರುತ್ತಿತ್ತು. ನಾನು ಎಂ.ಎ. ಓದುವಾಗ ಅದನ್ನು ತಮಾಷೆ ಮಾಡುತ್ತಿದ್ದೆ. ‘ನಿಲ್ಲಿಸಿದ್ರೆ ಎದುರು ಪಾರ್ಟಿ ನುಗ್ತಾನೆ’ ಎನ್ನುತ್ತಿದ್ದರು.

ಮೂರು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು. ಕಾಲು ಸ್ವಲ್ಪ ಸುಧಾರಿಸಿತು. ಮಾತು ಪೂರ್ತಿ ಹೋಗಲಿಲ್ಲ, ಹೆಸರುಗಳು ಹೋದವು. ನಾವು ಹೇಳುವುದೆಲ್ಲ ಅವರಿಗೆ ಅರ್ಥವಾಗುತ್ತದೆ, ಬುದ್ಧಿಗೆ ಏನೂ ಆಗಿಲ್ಲ, ಆದರೆ ವಸ್ತುಗಳ ಹೆಸರು, ಜನರ ಹೆಸರು ಬೇಕೆಂದಾಗ ಸಿಗುವುದಿಲ್ಲ ಎಂದು ಶಿವಮೊಗ್ಗದ ಡಾಕ್ಟರು ಬಿಡಿಸಿ ಹೇಳಿದರು. ಮಾತಾಡಿಸುತ್ತಾ ಇರಿ ಎಂದರು.

ಚಿಕ್ಕಪ್ಪ ಚಿಕ್ಕಮ್ಮನಿಗೆ ಮಕ್ಕಳಿಲ್ಲ. ನಾನು ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಸೊರಬಕ್ಕೆ ಹೋಗಿ ಸಂಜೆ ವಾಪಸ್ಸಾಗುವುದು ಆಗ ಶುರುವಾಯಿತು. ಮೊದಲ ತಿಂಗಳುಗಳ ಒಂದು ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಚೆನ್ನಾಗಿ ನೆನಪಿದೆ ಅನ್ನಿಸಿದ್ದನ್ನು ನಂಬಬಾರದು ಎಂಬ ಎಚ್ಚರ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಊಟಕ್ಕೆ ಕೂತಿದ್ದರು.

‘ಆ... ತಣ್ಣಗೆ... ಅನ್ನಕ್ಕೆ ಹಾಕ್ಕೊಂಡು... ಕುಡಿಯೋ...’ ಎಂದು ಚಿಕ್ಕಪ್ಪ ನಿಂತರು.

‘ಮಜ್ಜಿಗೆಯಾ?’ ಎಂದರು ಚಿಕ್ಕಮ್ಮ.

ತಲೆ ಅಡ್ಡಡ್ಡ ಆಡಿತು.

‘ತಂಬುಳಿಯಾ?’

ಅರ್ಧ ಹೌದು, ಅರ್ಧ ಅಲ್ಲ ಎನ್ನುವಂತೆ ಕೈ ತಿರುಗಿಸಿದರು.

‘ಯಾವ ತಂಬುಳಿ ರೀ? ಶುಂಠಿದಾ? ಮೆಂತೆದಾ? ಅದೂ ಅಲ್ವಾ? ನಿಮ್ಮ ಅಮ್ಮ ಮಾಡ್ತಿದ್ದದ್ದಾ? ಅದನ್ನ ಕೇಳಬೇಡಿ, ಅವರು ನನಗೆ ಹೇಳಿಕೊಡದೇ ಹೋದ್ರು.’ ಸೌಟು ಹಿಡಿದೇ ನಿಂತು ಅವರು ಮುಂದುವರಿಸಿದರು. ‘ಕೋರ್ಟಲ್ಲಿ ಎಲ್ಲಾ ಮಾತು ಖರ್ಚು ಮಾಡಿ ಬಂದ್ರಿ. ಮನೆಗೆ ಅಂತ ನಾಕು ಮಾತು ಉಳಿಸಿ ಇಟ್ಕೊಂಡಿರಬೇಕಿತ್ತು.’

ಚಿಕ್ಕಪ್ಪನ ಮುಖದ ಎಡಭಾಗ ನಕ್ಕಿತು. ಕೊನೆಗೆ ಅದು ಒಂದೆಲಗದ ತಂಬುಳಿ ಎಂದು ಗೊತ್ತಾಯಿತು. ಅಷ್ಟು ಹೊತ್ತಿಗೆ ಅನ್ನ ಆರಿತ್ತು, ಮನೆಯಲ್ಲಿ ಒಂದೆಲಗವೂ ಇರಲಿಲ್ಲ. ಒಂದು ತಂಬುಳಿಗೆ ಇಷ್ಟು ಪಾಡೇ ಎಂದು ನನಗೆ ಸಂಕಟವಾಯಿತು. ಇದಕ್ಕೇನಾದರೂ ಮಾಡಬೇಕು ಅಂದುಕೊಂಡೆ.

ಮಾಡುವ ದಾರಿ ಆಕಸ್ಮಿಕವಾಗಿ ಸಿಕ್ಕಿತು. ಒಂದು ಭಾನುವಾರ ನಾನು ಹೋಗುವ ಹೊತ್ತಿಗೆ ಯಾರೋ ಬಂದು ಹೋಗಿದ್ದರು. ಕುರ್ಚಿ ಇನ್ನೂ ಎದುರಿಗಿತ್ತು. ಚಿಕ್ಕಮ್ಮ ಹಿತ್ತಲಲ್ಲಿದ್ದರು. ಯಾರು ಬಂದಿದ್ದು ಚಿಕ್ಕಪ್ಪ ಎಂದು ಕೇಳಿದೆ. ‘ನನ್ನ ಹತ್ರ... ಆಗ... ಇದ್ದ... ಇದ್ದ...’ ಎಂದು ಅಲ್ಲೇ ಸಿಕ್ಕಿಕೊಂಡರು. ನನ್ನ ಕೈಯಲ್ಲಿ ಪೆನ್ನಿತ್ತು. ಏನು ಹೊಳೆಯಿತೋ, ಇಂಗ್ಲಿಷಿನಲ್ಲಿ ಬರೆಯಿರಿ ಎಂದು ಅವರ ಎಡಗೈಗೆ ಕೊಟ್ಟೆ. ಪತ್ರಿಕೆಯ ಅಂಚಿನಲ್ಲಿ ಸೊಟ್ಟ ಅಕ್ಷರಗಳಲ್ಲಿ ನಿಧಾನವಾಗಿ ಒಂದು ವಾಕ್ಯ ಇಳಿಯಿತು. ಅದರ ಅರ್ಥ ಇಷ್ಟು: ವ್ಯಕ್ತಿ, ಯಾರು ನನ್ನ ಕೆಳಗೆ ಕೆಲಸ ಮಾಡಿದನೋ, ಮತ್ತು ಯಾರು ಈಗ ಒಂದು ವಸ್ತು ಕೊಂಡಿದ್ದಾನೋ, ಯಾವ ವಸ್ತು ನಮ್ಮ ಸ್ಥಳದೊಳಗೆ ಬರುವುದಿಲ್ಲವೋ.

ಅವರ ಹಳೆಯ ಜೂನಿಯರ್ ಬಂದಿದ್ದ. ಅವನ ಹೊಸ ಕಾರು ಓಣಿಯೊಳಗೆ ಹಿಡಿಸದೆ ಮೂಲೆಯಲ್ಲಿ ನಿಂತು, ಅಲ್ಲಿಂದಲೇ ಹೊರಟದ್ದನ್ನು ನಾನೇ ಬರುವಾಗ ನೋಡಿದ್ದೆ. ಬಿದ್ದು ಬಿದ್ದು ನಕ್ಕೆ. ಚಿಕ್ಕಪ್ಪನೂ ನಕ್ಕರು. ಕಾಯಿಲೆ ಬಂದಮೇಲೆ ಅವರು ಮುಗಿಸಿದ ಮೊದಲ ವಾಕ್ಯ ಅದು.

ಆಮೇಲೆ ನನಗೆ ತೋಚಿದ್ದು ಹೀಗೆ. ಅವರಿಗೆ ‘ಪರ್ಸನ್’, ‘ಥಿಂಗ್’, ‘ಪ್ಲೇಸ್’, ಅಂದರೆ ವ್ಯಕ್ತಿ, ವಸ್ತು, ಸ್ಥಳ ಎಂಬ ಮೂರು ಇಂಗ್ಲಿಷ್ ಪದಗಳು ಉಳಿದಿದ್ದವು. ಬರೆಯುವ ಇಂಗ್ಲಿಷಿನಲ್ಲಿ ಅವುಗಳಲ್ಲಿ ಒಂದನ್ನು ಮೊದಲೇ ನೆಟ್ಟುಬಿಟ್ಟರೆ ಮುಂದಿನದನ್ನು ‘ಹೂ’, ‘ವಿಚ್’ ಎಂದು ಕಟ್ಟುತ್ತಾ ಹೋಗಬಹುದು. ಕನ್ನಡದಲ್ಲಿ ಎಲ್ಲ ಹೇಳಿಯಾದ ಮೇಲೆ ಕೊನೆಗೆ ಹೆಸರು ಬೇಕು, ಆ ಕೊನೆಯಲ್ಲೇ ಅವರು ಸಿಕ್ಕಿಬೀಳುತ್ತಿದ್ದರು. ‘ಇದ್ದವನು’, ‘ಬಂದವನು’ ಅನ್ನಬಹುದಲ್ಲ ಎಂದು ಯಾರಾದರೂ ಕೇಳಬಹುದು, ನಾನೂ ಕೇಳಿಕೊಂಡೆ. ಆದರೆ ಅವರು ‘ಅವನು’ ಎನ್ನದೆ ನಿಜವಾದ ಹೆಸರಿಗೇ ಕಾಯುತ್ತಿದ್ದರು, ಕಾಯುತ್ತಾ ಮೊದಲು ಹೇಳಿದ್ದೂ ಕೈತಪ್ಪುತ್ತಿತ್ತು. ನಾನು ವೈದ್ಯಳಲ್ಲ. ಈ ವಿವರಣೆ ತಪ್ಪಿರಬಹುದು. ಪಾಠ ಮಾಡುವವರಿಗೆ ಎಲ್ಲ ಕಡೆ ತಮ್ಮ ಪಾಠವೇ ಕಾಣುತ್ತದೆ.

ಸೊರಬದ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಸ್ಲೇಟು, ಬಳಪ ತಂದುಕೊಟ್ಟೆ. ಭಾನುವಾರಗಳು ಬದಲಾದವು. ಚಿಕ್ಕಪ್ಪ ಬರೆಯುವರು, ನಾನು ಓದಿ ಕನ್ನಡದಲ್ಲಿ ಹೇಳುವೆ, ಚಿಕ್ಕಮ್ಮ ಉತ್ತರ ಕೊಡುವರು. ತೊಂದರೆ ಇದ್ದದ್ದು ಉಳಿದ ದಿನಗಳಲ್ಲಿ. ಚಿಕ್ಕಮ್ಮನಿಗೆ ಇಂಗ್ಲಿಷ್ ಅಕ್ಷರ ಗೊತ್ತು, ಬಸ್ಸಿನ ಬೋರ್ಡು ಓದುತ್ತಾರೆ, ಅದಕ್ಕಿಂತ ಮುಂದೆ ಇಲ್ಲ. ಹಾಗಾಗಿ ವಾರದ ನಡುವೆ ಚಿಕ್ಕಪ್ಪ ಬರೆದದ್ದನ್ನು ಒರೆಸದೆ, ಮೇಲೆ ಒಂದು ಹಳೆಯ ಟವೆಲ್ ಮುಚ್ಚಿ, ಗೂಡಿನಲ್ಲಿ ಇಟ್ಟಿರುತ್ತಿದ್ದರು. ಒಂದು ಸ್ಲೇಟು ಸಾಲದಾಗಿ ಮೂರಾದವು.

‘ಇದು ಮಂಗಳವಾರದ್ದು. ಇದು ಬುಧವಾರದ್ದು, ಇದನ್ನ ಬರೆದು ಭಾಳ ಹೊತ್ತು ತೋರಿಸ್ತಿದ್ರು. ಎಂತ ಅಂತ ನೋಡು’ ಎಂದು ನಾನು ಚಪ್ಪಲಿ ಬಿಡುವ ಮೊದಲೇ ಕೈಗಿಡುತ್ತಿದ್ದರು.

ಫೋನಿನಲ್ಲಿ ಫೋಟೋ ಕಳಿಸಿ ಎಂದೆ. ಫೋನು ಎತ್ತಿದರೆ ಚಿಕ್ಕಪ್ಪ ಸ್ಲೇಟನ್ನು ಮಗುಚಿ ಹಾಕುತ್ತಿದ್ದರಂತೆ. ಅವರ ಸೊಟ್ಟ ಅಕ್ಷರ ಎಲ್ಲೆಲ್ಲೋ ಹೋಗುವುದು ಅವರಿಗೆ ಬೇಡವಾಗಿತ್ತು. ಪಕ್ಕದ ಮನೆಯ ಮಕ್ಕಳ ಹತ್ತಿರ ಓದಿಸಬಹುದಲ್ಲ ಎಂದೆ. ‘ಗಂಡನ ಮಾತು ಓದಿಸ್ಕೊಳ್ಳೋಕೆ ಬೀದಿಗೆ ಹೋಗಲಾ?’ ಎಂದರು ಚಿಕ್ಕಮ್ಮ.

ಆ ಬುಧವಾರದ ಸ್ಲೇಟಿನಲ್ಲಿ ಇದ್ದದ್ದು ಹಕ್ಕಿಗಳಿರುವ ಸ್ಥಳದಿಂದ ಬರುವ, ಬೆಳಿಗ್ಗೆ ಕೂಗುವ ವ್ಯಕ್ತಿ ಯಾಕೆ ಬರುತ್ತಿಲ್ಲ ಎಂಬ ಪ್ರಶ್ನೆ. ಓದಿ ಹೇಳಿದ ಕೂಡಲೆ ಚಿಕ್ಕಮ್ಮ ಹಣೆ ಚಚ್ಚಿಕೊಂಡರು.

‘ಗುಡವಿ ಪಕ್ಷಿಧಾಮದ ಕಡೆಯಿಂದ ಸೊಪ್ಪು ತರೋಳು! ಮಗಳ ಬಾಣಂತನಕ್ಕೆ ಹೋಗಿದ್ದಾಳೆ ರೀ, ಹೆಣ್ಣು ಮಗು. ನಾನು ಬಿಸಿನೀರು ಕೇಳ್ತಿದಾರೆ ಅಂತ ನಾಕು ದಿನದಿಂದ ಲೋಟಗಟ್ಟಲೆ ಕುಡಿಸ್ತಿದ್ದೀನಿ!’

‘ಕುಡಿದೆ... ಕುಡಿದೆ’ ಎಂದು ಚಿಕ್ಕಪ್ಪ ಕನ್ನಡದಲ್ಲೇ ಒಪ್ಪಿಕೊಂಡರು.

ಇಂಥವು ತಮಾಷೆಯಾಗಿ ಕಳೆಯುತ್ತಿದ್ದವು. ಆದರೆ ಬುಧವಾರ ಕೇಳಿದ್ದಕ್ಕೆ ಭಾನುವಾರ ಉತ್ತರ ಸಿಗುವುದು ಚಿಕ್ಕಮ್ಮನಿಗೆ ಚುಚ್ಚತೊಡಗಿತ್ತು ಎಂದು ಕಾಣುತ್ತದೆ. ಒಂದು ದಿನ ಅಡುಗೆಮನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದರು.

‘ನೀನು ಬರೋದು ವಾರಕ್ಕೊಂದ್ಸಲ. ಅವರ ಮಾತು ವಾರಕ್ಕೊಂದ್ಸಲ ನನ್ನ ಮನೆಗೆ ಬರೋದು. ನಂಗೂ ಕಲಿಸು ಮಾರಾಯ್ತಿ. ಪೂರ್ತಿ ಇಂಗ್ಲಿಷ್ ಬೇಡ, ಅವರು ಬರೆಯೋವಷ್ಟು ಸಾಕು.’

ಕಲಿಸಿದೆ. ವ್ಯಕ್ತಿ ಬಂದರೆ ಮುಂದೆ ‘ಹೂ’ ಬರುತ್ತದೆ, ವಸ್ತು ಬಂದರೆ ‘ವಿಚ್’, ಸ್ಥಳ ಬಂದರೆ ‘ವೇರ್’. ಅದರ ಹಿಂದೆ ಬರುವುದರಲ್ಲೇ ಯಾರು, ಯಾವುದು ಎಂಬ ಗುರುತು ಇರುತ್ತದೆ ಎಂದೆ. ಕಾಲೇಜಿನಲ್ಲಿ ಮೂರು ತರಗತಿ ಹಿಡಿಯುವುದು ಅವರಿಗೆ ಒಂದು ಕಾಫಿ ಆರುವುದರೊಳಗೆ ಹೊಕ್ಕಿತು. ನನಗೆ ಬೆರಗಾಯಿತು.

‘ಅದರಲ್ಲೇನು ದೊಡ್ಡಸ್ತಿಕೆ? ಗಂಡನ ಹೆಸರು ಹೇಳಬಾರದು ಅಂತ ನಮ್ಮತ್ತೆ ಹೇಳಿಕೊಟ್ಟಿದ್ರು. ಬ್ಯಾಂಕಲ್ಲಿ, ಆಸ್ಪತ್ರೇಲಿ ಯಜಮಾನರ ಹೆಸರೇನು ಅಂದ್ರೆ, ಕರಿ ಕೋಟು ಹಾಕ್ಕೊಂಡು ಸೈಕಲ್ಲಲ್ಲಿ ಹೋಗ್ತಾರಲ್ಲ, ಅವರು ಅಂತಿದ್ದೆ. ಹೆಸರಿಲ್ಲದೇ ಗುರುತು ಹೇಳಿಯೇ ಸಂಸಾರ ಮಾಡಿದ್ದು ನಾನು’ ಎಂದರು. ಆಮೇಲೆ ಹಾಲ್ ಕಡೆ ತಿರುಗಿ ಕೂಗಿ ಹೇಳಿದರು, ‘ಕೇಳಿಸ್ತೇನ್ರೀ? ಇಷ್ಟು ವರ್ಷ ನಾನು ನಿಮ್ಮ ಹೆಸರು ಹೇಳಲಿಲ್ಲ. ಈಗ ನೀವು ಯಾರ ಹೆಸರೂ ಹೇಳದೆ ಲೆಕ್ಕ ಚುಕ್ತಾ ಮಾಡ್ತಿದೀರಿ!’

ಗೊತ್ತಿಲ್ಲದ ಪದಗಳನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದರು. ಕೊಡು, ತಾ, ನಿಲ್ಲು, ಮಲಗು. ಚಿಕ್ಕಪ್ಪ ಬಳಸುತ್ತಿದ್ದ ಪದಗಳು ಹೆಚ್ಚಿರಲಿಲ್ಲ. ಒಂದೂವರೆ ತಿಂಗಳೋ ಎರಡೋ ಹೀಗೆ ನಡೆಯಿತು. ನಾನು ಬಸ್ಸಿನಲ್ಲಿ ಮರಳುವಾಗ ಒಂದು ಒಳ್ಳೆಯ ಕೆಲಸ ಮಾಡಿದೆ ಎಂಬ ಸಂತೋಷದಲ್ಲಿ ಇರುತ್ತಿದ್ದೆ.

ಚಿಕ್ಕಮ್ಮ ತಾವೇ ಮೊದಲ ಸಲ ಒಂದು ಸ್ಲೇಟನ್ನು ಪೂರ್ತಿ ಓದಲು ಹೊರಟದ್ದು ನನ್ನೆದುರಿಗೇ. ಮಧ್ಯಾಹ್ನವಿತ್ತು. ಒಲೆಯ ಮುಂದಿನಿಂದ ಬಂದು, ಕೈ ಒರೆಸಿಕೊಂಡು, ನನ್ನ ಕೈಯಿಂದ ಸ್ಲೇಟು ಕಿತ್ತುಕೊಂಡರು. ‘ತಡಿ, ನಾನು ಓದ್ತೀನಿ.’ ಒಂದೊಂದು ಪದದ ಕೆಳಗೆ ಬೆರಳಿಟ್ಟು ಸಾಗಿದರು.

‘ದಿ ಪರ್ಸನ್... ವ್ಯಕ್ತಿ. ಹೂ ಗಿವ್ಸ್... ಕೊಡೋ ವ್ಯಕ್ತಿ. ದಿ ಥಿಂಗ್ಸ್ ವಿಚ್ ಐ... ಇದೇನು ಪದ?’

‘ಸ್ವಾಲೋ. ನುಂಗೋದು’ ಎಂದೆ.

‘ನಾನು ನುಂಗೋ ವಸ್ತುಗಳನ್ನ ಕೊಡೋ ವ್ಯಕ್ತಿ. ಗುಳಿಗೆ ಕೊಡೋಳು.’ ಬೆರಳು ನಿಂತಿತು. ‘ಯಾರು? ನಾನಾ?’

ನಾನು ಹೌದು ಎಂದೆ. ವಾಕ್ಯ ಇನ್ನೂ ಇತ್ತು. ನುಂಗುವ ವಸ್ತುಗಳನ್ನು ಕೊಡುವ ವ್ಯಕ್ತಿ, ಯಾರು ಬೆಂಕಿಯಿರುವ ಸ್ಥಳದಲ್ಲಿ ನಿಂತೇ ಇರುತ್ತಾರೋ, ಅವರು ಕುಳಿತುಕೊಳ್ಳತಕ್ಕದ್ದು. ಎಷ್ಟು ಹೊತ್ತಿಂದ ನಿಂತಿದ್ದೀ, ಸ್ವಲ್ಪ ಕೂರು ಎಂದು ಚಿಕ್ಕಪ್ಪ ಹೇಳಿದ್ದು. ಕೋರ್ಟಿನ ಇಂಗ್ಲಿಷಿನಲ್ಲಿ ಅದಕ್ಕೆ ಆ ರೂಪ ಬಂದಿತ್ತು. ಆದರೆ ಆ ‘ಕುಳಿತುಕೊಳ್ಳತಕ್ಕದ್ದು’ ವಾಕ್ಯದ ತುದಿಯಲ್ಲಿತ್ತು. ಚಿಕ್ಕಮ್ಮನ ಬೆರಳು ಅಲ್ಲಿಯವರೆಗೆ ಹೋಗಲಿಲ್ಲ.

‘ಹಿಂದೆ ಎಲ್ಲಾ ಬರೆದದ್ದರಲ್ಲೂ ಹೀಗೇ ಇತ್ತಾ?’ ಎಂದು ನನ್ನನ್ನು ಕೇಳಿದರು. ‘ನೀನು ಓದುವಾಗ ಚಿಕ್ಕಮ್ಮ ಹೀಗೆ ಮಾಡಲಿ, ಚಿಕ್ಕಮ್ಮ ಇದು ತರಲಿ ಅಂತಿದ್ದೆ.’

‘ಅದು ನಿಮ್ಮನ್ನೇ ಅಲ್ವಾ ಚಿಕ್ಕಮ್ಮ. ಬೇರೆ ಯಾರಿದಾರೆ?’

‘ಗುಳಿಗೆ ಆಸ್ಪತ್ರೆ ನರ್ಸೂ ಕೊಡ್ತಿದ್ಲು’ ಎಂದರು.

ನಾನು ಆತುರದಿಂದ ಏನೇನೋ ಹೇಳಿದೆ. ಇದು ಕಾಯಿಲೆಯ ಕೆಲಸ, ಅವರ ಮನಸ್ಸಿನದ್ದಲ್ಲ, ಹೆಂಡತಿ ಎಂಬ ಪದವೂ ಒಂದು ಹೆಸರೇ, ಅದೂ ಸಿಗುವುದಿಲ್ಲ ಎಂದೆ. ವಾಕ್ಯದ ಕೊನೆಯನ್ನೂ ಓದಿ ಹೇಳಿದೆ, ನಿಮ್ಮನ್ನು ಕೂರಲು ಹೇಳುತ್ತಿದ್ದಾರೆ ಎಂದೆ. ‘ಗೊತ್ತು ಮಾರಾಯ್ತಿ. ನಂಗೆ ಸಿಟ್ಟಿಲ್ಲ’ ಎಂದು ಚಿಕ್ಕಮ್ಮ ನಿಜವಾಗಿಯೂ ಕೂತರು, ಚಿಕ್ಕಪ್ಪನ ಎದುರು, ಜೂನಿಯರ್ ಬಂದರೆ ಕೂರುವ ಕುರ್ಚಿಯಲ್ಲಿ. ಹೇಳಿದ್ದು ನಡೆಯಿತು ಎಂದು ಚಿಕ್ಕಪ್ಪನಿಗೆ ಖುಷಿಯಾಗಿತ್ತು. ಅವರಿಗೆ ಏನೂ ಗೊತ್ತಾಗಲಿಲ್ಲ ಎಂದು ನಾನು ಆಗ ಅಂದುಕೊಂಡೆ. ಈಗ ಹಾಗೆ ಹೇಳಲಾರೆ.

‘ಶೀ’ ಎಂದು ಬರೆಯಬಹುದಿತ್ತಲ್ಲ ಎಂದು ಬಸ್ಸಿನಲ್ಲಿ ಬಹಳ ಯೋಚಿಸಿದೆ. ಅರ್ಜಿಗಳಲ್ಲಿ ಹಾಗೆ ಬರೆಯುವುದಿಲ್ಲ. ಅಲ್ಲಿ ಪ್ರತಿಯೊಬ್ಬರನ್ನೂ ಅವರು ಏನು ಮಾಡಿದರು, ಎಲ್ಲಿದ್ದಾರೆ ಎಂಬುದರಿಂದಲೇ ಗುರುತಿಸಬೇಕು. ಆ ಭಾಷೆ ಪಕ್ಕದಲ್ಲಿ ಕೂತವರ ಜೊತೆ ಮಾತಾಡಲು ಹುಟ್ಟಿದ್ದಲ್ಲ. ಮುಖ ನೋಡಿರದ ಒಬ್ಬರಿಗೆ, ಇಂಥವರು ಇವರೇ ಎಂದು ಖಚಿತಪಡಿಸಲು ಹುಟ್ಟಿದ್ದು. ನಾನು ಅದನ್ನು ಒಂದು ಮನೆಯ ಹಾಲ್‌ಗೆ ತಂದಿದ್ದೆ. ಅದು ಅಲ್ಲಿಗೆ ಸಲ್ಲಬೇಕಾದರೆ ನಡುವೆ ಯಾರಾದರೂ ‘ಚಿಕ್ಕಮ್ಮ’ ಎಂಬ ಪದವನ್ನು ಸೇರಿಸುತ್ತಲೇ ಇರಬೇಕಿತ್ತು.

ಅಲ್ಲಿಂದ ಮುಂದೆ ಜಗಳವಾಗಲಿ, ಮುನಿಸಾಗಲಿ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಚಿಕ್ಕಮ್ಮ ಓದುವುದನ್ನು ಬಿಡಲಿಲ್ಲ, ಇನ್ನೂ ಚುರುಕಾದರು. ಈಗ ಸ್ಲೇಟುಗಳು ಭಾನುವಾರಕ್ಕೆ ಕಾಯುವುದಿಲ್ಲ. ಚಿಕ್ಕಪ್ಪ ಬರೆಯುತ್ತಾರೆ, ಅವರು ಓದುತ್ತಾರೆ, ಕಿಟಕಿ ಮುಚ್ಚುತ್ತಾರೆ, ತಂಬುಳಿ ತರುತ್ತಾರೆ, ಒದ್ದೆ ಬಟ್ಟೆಯಲ್ಲಿ ಸ್ಲೇಟು ಒರೆಸುತ್ತಾರೆ. ಒಂದು ನಿಮಿಷದ ಕೆಲಸ. ಹೇಳಿದ್ದು ತಪ್ಪಾಗಿ ಅರ್ಥವಾಗುವುದೇ ಇಲ್ಲ. ಶುಂಠಿದಾ, ಮೆಂತೆದಾ, ನಿಮ್ಮ ಅಮ್ಮ ಮಾಡ್ತಿದ್ದದ್ದಾ ಎಂಬ ಮಾತುಗಳೂ ಇಲ್ಲ. ಉಳಿದ ಹೊತ್ತು ಟಿ.ವಿ. ಮಾತಾಡುತ್ತದೆ.

ಹಿಂದೆ ಅರ್ಧ ಗಂಟೆ ತಡಕಾಡುತ್ತಿದ್ದರಲ್ಲ, ಅವರ ಸಂಸಾರದ ಮಾತು ಇದ್ದದ್ದು ಆ ಅರ್ಧ ಗಂಟೆಯಲ್ಲೇ ಎಂದು ನನಗೆ ಈಗ ಅನ್ನಿಸುತ್ತದೆ. ಹಾಗೆಂದು ಬರೆದ ಕೂಡಲೆ ಅನುಮಾನವೂ ಬರುತ್ತದೆ. ಆ ದಿನಗಳ ನನ್ನ ಡೈರಿ ತೆರೆದು ನೋಡಿದೆ. ತಂಬುಳಿಯ ಮಧ್ಯಾಹ್ನದ ಪುಟದಲ್ಲಿ ನಗುವಿನ ಮಾತೇ ಇಲ್ಲ. ‘ಚಿಕ್ಕಮ್ಮ ತುಂಬಾ ಸೋತಿದ್ದಾರೆ. ಹೀಗೇ ಆದರೆ ಅವರೇ ಮಲಗುತ್ತಾರೆ’ ಎಂದಿದೆ. ಕೋರ್ಟಿನಲ್ಲಿ ಮಾತು ಖರ್ಚು ಮಾಡಿದ ಹಾಸ್ಯ ಅದೇ ದಿನದ್ದೋ, ಬೇರೆ ದಿನದ್ದನ್ನು ನಾನು ಅಲ್ಲಿಗೆ ಜೋಡಿಸಿದ್ದೇನೋ ಹೇಳಲಾರೆ. ಕಳೆದುಹೋದದ್ದಕ್ಕೆ ನಾನೇ ಬಣ್ಣ ಹಚ್ಚುತ್ತಿರಬಹುದು. ಆದರೆ ಚಿಕ್ಕಪ್ಪನ ಮುಖದ ಎಡಭಾಗ ನಕ್ಕದ್ದು ನಿಜ. ಅದನ್ನು ನಾನು ಕಟ್ಟಿಕೊಂಡಿದ್ದಲ್ಲ, ಯಾಕೆಂದರೆ ಹಾಗೆ ನಗಿಸುವ ಮಾತಿಗೆ ಚಿಕ್ಕಪ್ಪನೂ ಕಾಯುತ್ತಿದ್ದಾರೆಂದು ಕಳೆದ ಭಾನುವಾರ ಗೊತ್ತಾಯಿತು.

ಆ ದಿನ ನಾನು ಕೂತು ತುಂಬಾ ಹೊತ್ತಾದ ಮೇಲೆ ಚಿಕ್ಕಪ್ಪ ಸ್ಲೇಟು ಕೇಳಿದರು. ಬರೆದು, ಚಿಕ್ಕಮ್ಮನಿಗೆ ಕೊಡದೆ ನನ್ನ ಕಡೆ ಚಾಚಿದರು. ಚಿಕ್ಕದೊಂದು ಪ್ರಶ್ನೆ ಇತ್ತು. ನನ್ನ ಮಾತನ್ನು ತಪ್ಪು ತಪ್ಪಾಗಿ ಊಹಿಸಿ ಹೇಳುತ್ತಿದ್ದ ವ್ಯಕ್ತಿ ಎಲ್ಲಿ?

ನಾನು ಓದಲಿಲ್ಲ. ಯಾವ ಪದ ಹಾಕಿ ಓದುವುದು ಎಂದು ತಿಳಿಯಲಿಲ್ಲ. ಚಿಕ್ಕಮ್ಮ ಬಟಾಣಿ ಸುಲಿಯುತ್ತಿದ್ದ ಮೊರ ಬದಿಗಿಟ್ಟು ಬಂದು, ಬಗ್ಗಿ, ಬೆರಳಿಡದೆ ಕಣ್ಣಿನಲ್ಲೇ ಓದಿಕೊಂಡರು. ಈ ಸಲ ತುದಿಯವರೆಗೂ ಓದಿದರು.

‘ಅವಳಿಗೆ ಓದೋಕೆ ಬಂತಲ್ಲ ರೀ’ ಎಂದು ತಮ್ಮ ಬಗ್ಗೆಯೇ ಬೇರೆ ಯಾರದೋ ವಿಷಯದಂತೆ ಹೇಳಿದರು. ‘ಇನ್ನು ತಪ್ಪು ಹೇಳೋದು ಹೇಗೆ?’

ಧ್ವನಿ ಮೆತ್ತಗಿತ್ತು. ಚಿಕ್ಕಪ್ಪ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಕೊಟ್ಟದ್ದನ್ನು ವಾಪಸ್ಸು ತೆಗೆದುಕೊಂಡು ಹೋಗುವ ದಾರಿ ನನಗೆ ಗೊತ್ತಿರಬಹುದು ಎನ್ನುವಂತಿತ್ತು ಆ ನೋಟ. ಆಮೇಲೆ ಚಿಕ್ಕಮ್ಮನ ಕಡೆ ಎಡಗೈ ಎತ್ತಿ ಕನ್ನಡದಲ್ಲಿ ಏನೋ ಶುರುಮಾಡಿದರು, ‘ಆಗೆಲ್ಲ... ನೀನು... ಬಾಯಿಗೆ ಬಂದ ಹಾಗೆ... ಹೇಳೋ...’ ಮುಂದಿನದು ಬರಲಿಲ್ಲ. ಚಿಕ್ಕಮ್ಮ ಪಕ್ಕದಲ್ಲೇ ನಿಂತಿದ್ದರು. ಏನನ್ನೂ ಊಹಿಸಲಿಲ್ಲ. ಊಹಿಸದೇ ಇದ್ದದ್ದು ಹಟಕ್ಕೋ, ಈಗ ಅಭ್ಯಾಸ ತಪ್ಪಿಹೋಗಿತ್ತೋ. ನಾನು ಬಾಯಿ ಹಾಕಲಿಲ್ಲ. ಇಷ್ಟು ದಿನ ನಡುವೆ ನಿಂತದ್ದು ಸಾಕು ಅನ್ನಿಸಿತ್ತು. ಚಿಕ್ಕಪ್ಪನ ಕೈ ನಿಧಾನವಾಗಿ ತೊಡೆಯ ಮೇಲೆ ಇಳಿಯಿತು.

ಬಸ್ಸಿನ ಹೊತ್ತಾಯಿತೆಂದು ಎದ್ದೆ. ಚಿಕ್ಕಮ್ಮ ಗೇಟಿನವರೆಗೆ ಬಂದರು. ‘ಮುಂದಿನ ವಾರ ಸ್ಲೇಟು ಓದೋಕೆ ಅಂತ ಬರಬೇಡ’ ಎಂದರು. ‘ಸುಮ್ನೆ ಬಾ.’

ಶಿರಾಳಕೊಪ್ಪ ಬರುವ ಮೊದಲೇ, ಕುಲುಕುವ ಬಸ್ಸಿನಲ್ಲಿ ಆ ಎರಡು ಮಾತನ್ನು ಇದ್ದ ಹಾಗೇ ಬರೆದುಕೊಂಡೆ. ಮನೆ ತಲುಪುವುದರೊಳಗೆ ನಾನು ಅದನ್ನು ಒಳ್ಳೆಯ ಮಾತಾಗಿ ತಿದ್ದಿಬಿಡುತ್ತೇನೆ ಎಂಬ ಭಯವಿತ್ತು. ಹೇಳುವಾಗ ಅವರ ಮುಖ ಹೇಗಿತ್ತು ಎಂದೂ ಬರೆಯಲು ಹೋದೆ. ಅವರು ಗೇಟಿನ ಚಿಲಕ ಹಾಕುತ್ತಾ ತಲೆ ತಗ್ಗಿಸಿದ್ದರು, ನನಗೆ ಮುಖ ಕಂಡಿರಲಿಲ್ಲ.